ಹೊಳೆಯಲ್ಲಿ ಬೆಂಡು ಬಿಡುವವರಿಗೆ ಯಾವ ದಾರ ಒಳ್ಳೇದು?

ಗಾಳದ ಸಾಮಾನು ಮಾರುವ ಅಂಗಡಿಗೆ ಹೋಗಿ ದಾರ ಕೇಳಿ ನೋಡಿ. "ಎಷ್ಟು ಕೆ.ಜಿ. ಮೀನಿಗೆ ಸಾರ್?" ಅನ್ನುತ್ತಾರೆ. ನಾವೂ ಐದೋ ಹತ್ತೋ ಅಂದುಬಿಡುತ್ತೇವೆ. ನನ್ನ ಗಾಳಕ್ಕೆ ಬೀಳುವುದೆಲ್ಲ ಅಂಗೈ ಉದ್ದದ ಮೀನು ಅಂತ ಹೇಳಿಕೊಳ್ಳಲು ಯಾರಿಗೆ ಮನಸ್ಸಾಗುತ್ತದೆ? ಕೆರೆಯ ತಳಕ್ಕೆ ಹಿಟ್ಟಿನ ಉಂಡೆ ಬಿಟ್ಟು ಕೂರುವವರಿಗೆ ಆ ಪ್ರಶ್ನೆ ಸರಿಯಾಗಿಯೇ ಇದೆ. ಹರಿಯುವ ನೀರಿನಲ್ಲಿ ಬೆಂಡು (ಮೀನು ಕಚ್ಚಿದ್ದನ್ನು ಮುಳುಗಿ ತೋರಿಸುವ ತೇಲುವ ತುಂಡು) ತೇಲಿಬಿಡುವವರಿಗೆ ಮಾತ್ರ ಅದು ಎರಡನೇ ಪ್ರಶ್ನೆ. ಮೊದಲು ಕೇಳಬೇಕಾದದ್ದು ಬೇರೆ: ಕೋಲಿನ ತುದಿಯಿಂದ ಬೆಂಡಿನವರೆಗೆ ಇರುವ ದಾರ ನೀರಿನ ಮೇಲೆ ಹೇಗೆ ನಡೆದುಕೊಳ್ಳುತ್ತದೆ?

ನನಗೆ ಇದು ಗೊತ್ತಾಗಿದ್ದು ತಡವಾಗಿ. ತಿ. ನರಸೀಪುರದಿಂದ ಕೆಳಗೆ, ಕಾವೇರಿ ದಂಡೆಯಲ್ಲಿ, ಒಂದು ಜನವರಿ ಬೆಳಗ್ಗೆ. ನನ್ನ ಕೈಯಲ್ಲಿ ಹೊಸ ರಾಡು, ಹೊಸ ರೀಲು, ಅದರ ತುಂಬ 0.35 ಮಿ.ಮೀ. ನೈಲಾನ್ ದಾರ. ದೊಡ್ಡ ರೋಹು ಬಿದ್ದರೆ ಕಿತ್ತುಹೋಗಬಾರದಲ್ಲ! ಬೆಂಡನ್ನು ನಡುನೀರಿಗೆ ಎಸೆಯುತ್ತೇನೆ, ಎರಡು ಮಾರು ನೆಟ್ಟಗೆ ಹೋಗುತ್ತದೆ, ಆಮೇಲೆ ಯಾರೋ ಕಿವಿ ಹಿಡಿದು ಎಳೆದ ಹಾಗೆ ಓರೆಯಾಗಿ ದಂಡೆ ಕಡೆ ಓಡಿಬರುತ್ತದೆ. ಬೆಳಗ್ಗೆಯಿಂದ ಇದೇ ಕಥೆ. ಹತ್ತು ಹೆಜ್ಜೆ ಮೇಲೆ ಒಬ್ಬ ಯಜಮಾನರು ಕುಕ್ಕರಗಾಲಲ್ಲಿ ಕೂತಿದ್ದರು. ಬಿದಿರು ಕೋಲು, ಹವಾಯಿ ಚಪ್ಪಲಿ ಕತ್ತರಿಸಿ ಮಾಡಿದ ಬೆಂಡು, ನನ್ನದಕ್ಕಿಂತ ದಪ್ಪ ದಾರ. ಪಕ್ಕದ ಚೀಲದಲ್ಲಿ ಆಗಲೇ ನಾಲ್ಕೈದು ಗೆಂಡೆ ಒದ್ದಾಡುತ್ತಿದ್ದವು.

"ಯಜಮಾನ್ರೇ, ಎರೆ ಏನು ಹಾಕಿದ್ದೀರಿ?" ಅಂದೆ.

"ಅದೇ ಎರೆಹುಳ ಸ್ವಾಮಿ. ಎರೆ ಮಾತು ಬುಡಿ. ನಿಮ್ ಬೆಂಡು ನೀರಿನ್ ಜೊತೆ ಹೋಯ್ತಾ ಇಲ್ಲ, ನಿಮ್ ದಾರದ್ ಜೊತೆ ಹೋಯ್ತಾ ಐತೆ."

ಆಗ ಅವರ ದಾರ ನೋಡಿದೆ. ಕೋಲಿನ ತುದಿ ಬೆಂಡಿನ ಮೇಲೇ ಇತ್ತು. ದಾರ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಅದಕ್ಕೇ ದಪ್ಪ ದಾರ ಅವರಿಗೆ ತೊಂದರೆ ಕೊಡುತ್ತಿರಲಿಲ್ಲ. ನನ್ನದು 20 ಮೀಟರ್ ನೀರಿನ ಮೇಲೆ ಮಲಗಿತ್ತು.

ಸ್ವಲ್ಪ ಲೆಕ್ಕ

ಮನೆಗೆ ಬಂದು ಕಾಗದ ಹಿಡಿದು ಕೂತೆ. 20 ಮೀಟರ್ ಉದ್ದ, 0.35 ಮಿ.ಮೀ. ದಪ್ಪ. ಗುಣಿಸಿದರೆ 70 ಚದರ ಸೆಂ.ಮೀ. ಅಂದರೆ ಒಂದೂವರೆ ಎಟಿಎಂ ಕಾರ್ಡಿನಷ್ಟು ಜಾಗವನ್ನು ಹೊಳೆಯ ಸೆಳೆತ ಒಂದೇ ಸಮನೆ ತಳ್ಳುತ್ತಿದೆ. ಬೆಂಡು ಎಷ್ಟು? ಪೆನ್ಸಿಲ್ ಗಾತ್ರದ ಬೆಂಡಿನ ಹತ್ತು ಸೆಂ.ಮೀ. ನೀರೊಳಗಿದ್ದರೆ ಆರೇಳು ಚದರ ಸೆಂ.ಮೀ. ಅಷ್ಟೆ. ದಾರದ ಒಂದಷ್ಟು ಭಾಗ ನೀರಿನ ಮೇಲಿರುತ್ತದೆ, ಹಾಗಾಗಿ ಇದು ಕರಾರುವಾಕ್ಕಾದ ಲೆಕ್ಕ ಅಲ್ಲ. ಆದರೂ ಬೆಂಡಿಗಿಂತ ದಾರಕ್ಕೇ ಹೊಳೆಯ ಹಿಡಿತ ಎಷ್ಟೋ ಪಾಲು ಜಾಸ್ತಿ ಅನ್ನುವುದು ಖಂಡಿತ.

ಅದೇ ಜಾಗಕ್ಕೆ 0.18 ಮಿ.ಮೀ. ದಾರ ಹಾಕಿ ನೋಡಿ: 36 ಚದರ ಸೆಂ.ಮೀ. ಹೊರೆ ಅರ್ಧಕ್ಕೆ ಇಳಿಯಿತು.

ಹೊಳೆ ಎಲ್ಲ ಕಡೆ ಒಂದೇ ವೇಗದಲ್ಲಿ ಹರಿಯುವುದಿಲ್ಲ, ಅದು ಇನ್ನೊಂದು ತಲೆನೋವು. ನಡುವೆ ಜೋರು, ದಂಡೆ ಹತ್ತಿರ ನಿಧಾನ. ಮೇಲೆ ಜೋರು, ತಳದಲ್ಲಿ ನಿಧಾನ. ನಾವು ಆಚೆಯ ನಿಧಾನ ನೀರಿಗೆ ಬೆಂಡು ಎಸೆದರೆ ನಡುವಿನ ಜೋರು ನೀರು ದಾರವನ್ನು ಕೆಳಕ್ಕೆ ಎಳೆದು ಬಿಲ್ಲಿನ ಹಾಗೆ ಬಗ್ಗಿಸುತ್ತದೆ. ಆ ಬಿಲ್ಲು ಬೆಂಡನ್ನು ಎಳೆದುಕೊಂಡು ಹೋಗುತ್ತದೆ. ಬೆಂಡಿನ ಕೆಳಗಿರುವ ಎರೆಹುಳ ನೀರಿಗಿಂತ ಜೋರಾಗಿ, ಅಡ್ಡಡ್ಡ ಈಜುತ್ತದೆ. ಎರೆಹುಳ ಹಾಗೆ ಈಜುವುದಿಲ್ಲ ಅಂತ ಮೀನಿಗೂ ಗೊತ್ತು.

ಇದಕ್ಕೆ ಮದ್ದು, ಆಗಾಗ ಕೋಲೆತ್ತಿ ದಾರವನ್ನು ನೀರಿನಿಂದ ಬಿಡಿಸಿ, ಹರಿವಿನ ಮೇಲ್ಗಡೆಗೆ ಎತ್ತಿ ಹಾಕುವುದು. ಬೆಂಡು ಅಲುಗಬಾರದು, ದಾರ ಮಾತ್ರ ಜಾಗ ಬದಲಿಸಬೇಕು. ದಾರ ನೀರಿನ ಮೇಲೆ ತೇಲುತ್ತಿದ್ದರೆ ಇದು ಸಲೀಸು. ಮುಳುಗಿದ್ದರೆ ನೀವು ಎಳೆಯುವುದು ಬೆಂಡನ್ನೇ.

ಹಾಗಾಗಿ ಹೊಳೆಯ ದಾರಕ್ಕೆ ನಾನು ಇಡುವ ಪರೀಕ್ಷೆ ಎರಡೇ. ಸಣ್ಣಗಿದೆಯಾ? ತೇಲುತ್ತದೆಯಾ? ಎಷ್ಟು ಕೆ.ಜಿ. ತಡೆಯುತ್ತದೆ ಅನ್ನುವುದು ಇವೆರಡರ ಹಿಂದೆ ಬರುತ್ತದೆ.

ನೈಲಾನ್: ಹತ್ತರಲ್ಲಿ ಎಂಟು ಸಲ ಇದೇ ಸಾಕು

ಮೋನೋ, ಪ್ಲಾಸ್ಟಿಕ್ ದಾರ, ಕರಾವಳಿಯ ಕಡೆ ತಂಗೂಸು. ಹೆಸರು ಹಲವು, ವಸ್ತು ಒಂದೇ. ಅಮೆರಿಕದ ಡುಪಾಂಟ್ ಕಂಪನಿಯಲ್ಲಿ 1935ರಲ್ಲಿ ಹುಟ್ಟಿದ ನೈಲಾನ್ ಮೊದಲು ಮಾರುಕಟ್ಟೆಗೆ ಬಂದದ್ದು 1938ರಲ್ಲಿ, ಹಲ್ಲುಜ್ಜುವ ಬ್ರಶ್ಶಿನ ಕೂದಲಾಗಿ. ಗಾಳಕ್ಕೆ ಬಂದದ್ದು ಆಮೇಲೆ.

ಇದರ ದೊಡ್ಡ ಗುಣ ಹಿಗ್ಗುವುದು. ಕಿತ್ತುಹೋಗುವ ಹೊತ್ತಿಗೆ ಇದ್ದ ಉದ್ದಕ್ಕಿಂತ ಶೇಕಡಾ 20ರಿಂದ 30ರಷ್ಟು ಹಿಗ್ಗಿರುತ್ತದೆ. ಮೀನು ಒಮ್ಮೆಲೇ ತಲೆ ಒದರಿದರೆ ಆ ಏಟನ್ನು ದಾರ ನುಂಗಿಕೊಳ್ಳುತ್ತದೆ. ಗೆಂಡೆಯ ಬಾಯಿ ಮೆತ್ತಗೆ, ಗಾಳ ಹರಿದುಕೊಂಡು ಬರುವ ಸಂಭವ ಹೆಚ್ಚು. ಅಲ್ಲಿ ಈ ಹಿಗ್ಗು ಉಪಕಾರಕ್ಕೆ ಬರುತ್ತದೆ. ತೊಂದರೆಯೂ ಅದರಿಂದಲೇ. ಬೆಂಡು 30 ಮೀಟರ್ ದೂರ ಹೋಗಿ ಮುಳುಗಿತು ಅನ್ನಿ. ನೀವು ಕೋಲು ಸೆಳೆಯುತ್ತೀರಿ, ದಾರ ಹಿಗ್ಗುತ್ತದೆ, ಆ ಸೆಳೆತ ಗಾಳಕ್ಕೆ ಮುಟ್ಟುವ ಹೊತ್ತಿಗೆ ಮೀನು ಉಗಿದು ಹೋಗಿರುತ್ತದೆ.

ನೈಲಾನ್ ನೀರಿಗಿಂತ ಭಾರ. ನೀರು 1 ಆದರೆ ಇದು 1.14. ಅಂದರೆ ಮುಳುಗಬೇಕು. ಆದರೆ ಸಣ್ಣ ದಾರ ಮುಳುಗುವುದಿಲ್ಲ. ಲೋಟದ ನೀರಿನ ಮೇಲೆ ಸೂಜಿಯನ್ನು ಮೆಲ್ಲಗೆ ಇಟ್ಟರೆ ನಿಲ್ಲುತ್ತದಲ್ಲ, ಹಾಗೆಯೇ ನೀರಿನ ಪೊರೆ ಇದನ್ನು ಹೊತ್ತುಕೊಳ್ಳುತ್ತದೆ. ಬೆಂಡಿನಿಂದ ಮೇಲಿನ 20 ಮೀಟರಿಗೆ ಬೆರಳಲ್ಲಿ ತೆಳ್ಳಗೆ ವ್ಯಾಸಲೀನ್ ಸವರಿದರೆ ಗಂಟೆಗಟ್ಟಲೆ ತೇಲುತ್ತದೆ. ತೆಳ್ಳಗೆ ಅಂದರೆ ತೆಳ್ಳಗೆ. ಜಾಸ್ತಿ ಸವರಿದರೆ ಮರಳು, ಧೂಳು ಎಲ್ಲ ಅಂಟಿಕೊಂಡು, ದಾರ ಹಾದುಹೋಗುವ ರಾಡಿನ ಬಳೆಗಳನ್ನು ತಿನ್ನುತ್ತದೆ. ಕೆರೆಯಲ್ಲಿ ಗಾಳಿಗೆ ದಾರ ಓಡಬಾರದು ಅಂತ ಮುಳುಗಿಸಬೇಕಾದರೆ ಇದಕ್ಕೆ ತದ್ವಿರುದ್ಧ ಕೆಲಸ: ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಒರೆಸಿ ಜಿಡ್ಡು ತೆಗೆಯಬೇಕು. ಕೆರೆಯಿಂದ ಹೊಳೆಗೆ ಅದೇ ರೀಲು ತಂದು "ಯಾಕೋ ಇವತ್ತು ದಾರ ಸರಿ ಇಲ್ಲ" ಅನ್ನುವವರು ಇದನ್ನು ನೆನಪಿಟ್ಟುಕೊಳ್ಳಿ.

ಕೋ-ಪಾಲಿಮರ್ ಅಂತ ಬರೆದ ದಾರವೂ ನೈಲಾನಿನ ಜಾತಿಯೇ, ಎರಡು ಮೂರು ಬಗೆ ಸೇರಿಸಿ ಮಾಡಿದ್ದು. ಅದೇ ಬಲಕ್ಕೆ ಇನ್ನೂ ಸಣ್ಣಗಿರುತ್ತದೆ, ಹಿಗ್ಗು ಕಡಿಮೆ. ಕೆಲವು ಬಗೆಯವು ಒಂದು ಸಣ್ಣ ಗೀರು ಬಿದ್ದರೂ ಥಟ್ ಅಂತ ಹೋಗುತ್ತವೆ. ಸೊಕ್ಕಿನ ದಾರ. ಆಗಾಗ ಬೆರಳ ನಡುವೆ ಎಳೆದು ನೋಡುವ ಅಭ್ಯಾಸ ಇದ್ದವರಿಗೆ ಒಳ್ಳೇದು, ಉಳಿದವರಿಗೆ ಮಾಮೂಲಿ ನೈಲಾನೇ ಸರಿ.

ನೈಲಾನಿನ ನಿಜವಾದ ಶತ್ರು ಬಿಸಿಲು. ನಾನೊಂದು ರೀಲನ್ನು ಬೇಸಿಗೆ ಪೂರ್ತಿ ಬಾಲ್ಕನಿಯಲ್ಲಿ ಬಿಟ್ಟಿದ್ದೆ. ನೋಡಲು ಏನೂ ಆಗಿರಲಿಲ್ಲ, ಮೇಲಿನ ಸುತ್ತು ಸ್ವಲ್ಪ ಮಂಕಾಗಿತ್ತು ಅಷ್ಟೆ. ಹೊಳೆಗೆ ತೆಗೆದುಕೊಂಡು ಹೋದ ದಿನ ಬಿದ್ದ ಮೊದಲ ಮೀನೇ ಬೆಂಡು ಸಮೇತ ಹೋಯಿತು. ಉಳಿದ ದಾರವನ್ನು ಕೈಗೆ ಸುತ್ತಿ ಎಳೆದೆ. ಹಳೇ ರಬ್ಬರ್ ಬ್ಯಾಂಡಿನ ಹಾಗೆ ಹೋಯಿತು. ಆಮೇಲಿಂದ ಹಳೇ ಕಾಲುಚೀಲದೊಳಗೆ ರೀಲು ತೂರಿಸಿ ಬೀರುವಿನಲ್ಲಿ ಇಡುತ್ತೇನೆ. ವರ್ಷಕ್ಕೊಮ್ಮೆ ದಾರ ಬದಲಿಸುತ್ತೇನೆ.

ಬ್ರೇಡ್: ಬಲ ಇದೆ, ಬಂಡೆ ಕಂಡರೆ ಆಗದು

ಬ್ರೇಡ್ ಅಂದರೆ ಹೆಣೆದ ದಾರ. ನಾಲ್ಕು ಅಥವಾ ಎಂಟು ಎಳೆ ಪಾಲಿಎಥಿಲೀನನ್ನು ಜಡೆ ಹೆಣೆದ ಹಾಗೆ ಹೆಣೆದಿರುತ್ತಾರೆ. ಡೈನೀಮಾ, ಸ್ಪೆಕ್ಟ್ರಾ ಅನ್ನುವುದು ಆ ನೂಲಿನ ಹೆಸರುಗಳು. ಬಲದಲ್ಲಿ ನೈಲಾನ್ ಇದರ ಹತ್ತಿರಕ್ಕೂ ಬರುವುದಿಲ್ಲ. ಹಿಗ್ಗುವುದು ಶೇಕಡಾ 3–4 ಮಾತ್ರ. ತೂಕ 0.97, ಅಂದರೆ ತಾನಾಗಿಯೇ ತೇಲುತ್ತದೆ. ಸಣ್ಣಗೂ ಇದೆ, ತೇಲುತ್ತದೆ ಕೂಡ. ನನ್ನ ಎರಡೂ ಪರೀಕ್ಷೆಯಲ್ಲಿ ಪಾಸು.

ಹಾಗಾದರೆ ಇದನ್ನೇ ಹಾಕಬಹುದಲ್ಲ? ನಾನೂ ಹಾಗೇ ಅಂದುಕೊಂಡು ಒಂದು ಸ್ಪೂಲ್ ತಂದೆ. ಮೊದಲ ದಿನ ಗಾಳಿ ಇರಲಿಲ್ಲ, ಸ್ವರ್ಗ. ಬೆಂಡು 40 ಮೀಟರ್ ಕೆಳಗೆ ಹೋಗಿ ಮುಳುಗಿದರೂ ಕೋಲು ಸೆಳೆದ ಕ್ಷಣವೇ ಮೀನಿನ ಭಾರ ಕೈಗೆ ಸಿಕ್ಕಿತು. ಎರಡನೇ ದಿನ ಗಾಳಿ ಎದ್ದಿತು. ಬ್ರೇಡ್ ಹತ್ತಿ ನೂಲಿನ ಹಾಗೆ ಮೆತ್ತಗೆ. ಎಸೆದಾಗ ಬೆಂಡಿನ ಕಾಲಿಗೆ ಸುತ್ತಿಕೊಳ್ಳುತ್ತದೆ, ರಾಡಿನ ತುದಿಗೆ ಸುತ್ತಿಕೊಳ್ಳುತ್ತದೆ, ರೀಲಿನಿಂದ ಒಂದೇ ಸಲ ಹತ್ತು ಸುತ್ತು ಈಚೆ ಬಂದು ಹಕ್ಕಿ ಗೂಡಾಗುತ್ತದೆ. ಆ ಸಿಕ್ಕು ಬಿಡಿಸಲು ಸೂಜಿ ಬೇಕು, ಕನ್ನಡಕ ಬೇಕು, ತಾಳ್ಮೆ ಬೇಕು. ಮೂರೂ ನನ್ನ ಚೀಲದಲ್ಲಿ ಇರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ನಮ್ಮ ಹೊಳೆಗಳದ್ದೇ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ನೋಡಿ, ಹಂಪಿಯ ಹತ್ತಿರ ತುಂಗಭದ್ರೆ ನೋಡಿ. ಎಲ್ಲ ಕಡೆ ಬಂಡೆ. ಬಿಗಿಯಾಗಿ ಎಳೆದ ಬ್ರೇಡ್ ಒರಟು ಬಂಡೆಗೆ ಉಜ್ಜಿದರೆ ಒಂದೊಂದೇ ಎಳೆ ಹರಿಯುತ್ತದೆ. ಅದೇ ಬಲದ ನೈಲಾನ್ ದಪ್ಪಗಿರುವುದರಿಂದ ಗೀರು ತಿಂದುಕೊಂಡು ಇನ್ನೂ ಸ್ವಲ್ಪ ಹೊತ್ತು ತಡೆಯುತ್ತದೆ. ಬ್ರೇಡ್ ಜಾರುವುದೂ ಜಾಸ್ತಿ. ನೈಲಾನಿಗೆ ಹಾಕುವ ಗಂಟು ಇದಕ್ಕೆ ಹಾಕಿದರೆ ಮೆಲ್ಲಗೆ ಬಿಚ್ಚಿಕೊಂಡು ಹೋಗುತ್ತದೆ. ಕೈಗೆ ಸುತ್ತಿ ಎಳೆದರೆ ಚರ್ಮ ಕೊಯ್ಯುತ್ತದೆ. ಗಾಳ ಬಂಡೆಗೆ ಸಿಕ್ಕಿಕೊಂಡಾಗ ದಯವಿಟ್ಟು ಕೋಲಿನ ಬದಲು ಒಂದು ಕಡ್ಡಿಗೆ ದಾರ ಸುತ್ತಿ ಎಳೆಯಿರಿ, ಬೆರಳಿಗೆ ಬೇಡ.

ಬ್ರೇಡಿಗೆ ಒಂದೇ ಒಂದು ಜಾಗ ಕೊಡುತ್ತೇನೆ. ಅಗಲವಾದ ಹೊಳೆ, ಮರಳು ತಳ, ಗಾಳಿ ಕಡಿಮೆ, ಬೆಂಡನ್ನು 30–40 ಮೀಟರ್ ದೂರ ತೇಲಿಬಿಡುವ ಆಸೆ. ಅಲ್ಲಿ 0.12ರಿಂದ 0.15 ಮಿ.ಮೀ. ಬ್ರೇಡ್ ರೀಲಿನಲ್ಲಿ, ಅದರ ತುದಿಗೆ ಮೂರು ನಾಲ್ಕು ಮೀಟರ್ ನೈಲಾನ್. ಬೆಂಡು, ಎರೆಯನ್ನು ಮುಳುಗಿಸುವ ಸೀಸದ ಗುಂಡು, ಗಾಳ ಎಲ್ಲ ನೈಲಾನ್ ಮೇಲೆಯೇ ಇರಲಿ. ಬ್ರೇಡ್ ಮೇಲೆ ಸೀಸದ ಗುಂಡು ನಿಲ್ಲದೆ ಜಾರುತ್ತದೆ. ರೀಲಿಗೆ ಸುತ್ತುವಾಗಲೂ ತಳದಲ್ಲಿ ಹತ್ತು ಸುತ್ತು ನೈಲಾನ್ ಹಾಕಿ, ಇಲ್ಲದಿದ್ದರೆ ಇಡೀ ಬ್ರೇಡ್ ಸ್ಪೂಲಿನ ಮೇಲೆ ಗಿರಗಿರನೆ ತಿರುಗುತ್ತದೆ.

ಫ್ಲೋರೋಕಾರ್ಬನ್: ಕೊನೆಯ ಒಂದೆರಡು ಗೇಣಿಗೆ

ಇದು ಇನ್ನೊಂದು ಬಗೆಯ ಪ್ಲಾಸ್ಟಿಕ್. ಗಾಳದ ದಾರವಾಗಿ ತಂದದ್ದು ಜಪಾನಿನ ಕುರೆಹಾ ಕಂಪನಿ, 1971ರಲ್ಲಿ. ನೀರಲ್ಲಿ ಕಾಣುವುದಿಲ್ಲ ಅನ್ನುವುದು ಇದರ ಮೇಲಿನ ದೊಡ್ಡ ಹೊಗಳಿಕೆ. ಅದರಲ್ಲಿ ಎಷ್ಟು ನಿಜ? ಬೆಳಕನ್ನು ಬಗ್ಗಿಸುವ ಅಳತೆ ನೀರಿಗೆ 1.33, ನೈಲಾನಿಗೆ ಸುಮಾರು 1.53, ಇದಕ್ಕೆ 1.42. ನೀರಿಗೆ ಹತ್ತಿರ ಇದ್ದಷ್ಟೂ ಕಣ್ಣಿಗೆ ಕಾಣುವುದು ಕಡಿಮೆ. ಹಾಗಾಗಿ ನೈಲಾನಿಗಿಂತ ಕಡಿಮೆ ಕಾಣುತ್ತದೆ, ಮಾಯವೇನೂ ಆಗುವುದಿಲ್ಲ. ಅದೂ ನೀರು ತಿಳಿಯಾಗಿದ್ದರೆ ಮಾತ್ರ. ಜುಲೈ–ಆಗಸ್ಟಿನಲ್ಲಿ ಕಾವೇರಿ ಚಹಾ ಬಣ್ಣಕ್ಕೆ ತಿರುಗಿದಾಗ ಈ ದಾರಕ್ಕೆ ದುಡ್ಡು ಹಾಕುವುದು ದಂಡ. ಡಿಸೆಂಬರಿನಿಂದ ಮೇ ತನಕ, ತಳದ ಕಲ್ಲು ಎಣಿಸುವಷ್ಟು ನೀರು ತಿಳಿಯಾದಾಗ, ವ್ಯತ್ಯಾಸ ಕಾಣಬಹುದು.

ತೂಕ 1.78. ಕಲ್ಲು ಕಟ್ಟಿದ ಹಾಗೆ ಮುಳುಗುತ್ತದೆ. ರೀಲಿನ ತುಂಬ ಇದನ್ನೇ ಸುತ್ತಿಕೊಂಡು ಹೊಳೆಗೆ ಬರುವವರನ್ನು ನೋಡಿದ್ದೇನೆ. ಬೆಂಡಿನ ಹಿಂದಿನ ದಾರ ಪೂರ್ತಿ ನೀರೊಳಗೆ, ಎತ್ತಿ ಹಾಕಲು ಆಗುವುದಿಲ್ಲ, ಬೆಂಡು ಓರೆಯಾಗಿ ಮೂಗು ಕೆಳಗೆ ಮಾಡಿಕೊಂಡು ಹೋಗುತ್ತದೆ. ಮೂರು ದಾರಗಳಲ್ಲಿ ಎಲ್ಲಕ್ಕಿಂತ ದುಬಾರಿಯದನ್ನು ಹಾಕಿ ಎಲ್ಲಕ್ಕಿಂತ ಕೆಟ್ಟ ಕೆಲಸ ಮಾಡಿಸಿದಂತೆ.

ಇದರ ಜಾಗ ಗಾಳದ ಹತ್ತಿರ, ಒಂದೂವರೆ ಎರಡು ಗೇಣು. ಅಲ್ಲಿ ಮುಳುಗುವುದು ಒಳ್ಳೆಯದೇ, ಎರೆಯನ್ನು ಕೆಳಗೆ ಒಯ್ಯುತ್ತದೆ. ಕಲ್ಲಿಗೆ ಉಜ್ಜಿದರೂ ತಡೆಯುತ್ತದೆ. ಬಿಸಿಲಿಗೆ ಹಾಳಾಗುವುದೂ ಕಡಿಮೆ, ಒಂದು ಚಿಕ್ಕ ಸ್ಪೂಲ್ ತಂದರೆ ವರ್ಷಗಟ್ಟಲೆ ಬರುತ್ತದೆ. ಕೊಳ್ಳುವಾಗ ಒಂದು ಮಾತು: "ಫ್ಲೋರೋಕಾರ್ಬನ್ ಕೋಟೆಡ್" ಅಂತ ಇದ್ದರೆ ಅದು ಮೇಲೆ ಲೇಪ ಹಚ್ಚಿದ ನೈಲಾನ್. ದೊಡ್ಡ ಅಕ್ಷರ ಓದಿ ಮೋಸ ಹೋಗಬೇಡಿ, ಸಣ್ಣ ಅಕ್ಷರವನ್ನೂ ಓದಿ.

ಡಬ್ಬಿ ಮೇಲಿನ ಸಂಖ್ಯೆ ನಂಬಬಹುದಾ?

ಅರ್ಧಂಬರ್ಧ. ಪೌಂಡ್ ಅಂತ ಬರೆದಿದ್ದರೆ 0.45ರಿಂದ ಗುಣಿಸಿ: 6 ಪೌಂಡ್ ಅಂದರೆ 2.7 ಕೆ.ಜಿ., 10 ಪೌಂಡ್ ಅಂದರೆ 4.5 ಕೆ.ಜಿ. ಜಪಾನಿ ಪದ್ಧತಿಯಲ್ಲಿ 1, 2, 3 ಅಂತ ನಂಬರ್ ಇರುತ್ತದೆ, ಅದರಲ್ಲಿ 1 ಅಂದರೆ 0.165 ಮಿ.ಮೀ., 2 ಅಂದರೆ 0.235. ನಂಬರ್ ಎರಡರಷ್ಟಾದರೂ ದಪ್ಪ ಎರಡರಷ್ಟಾಗಿಲ್ಲ, ನೋಡಿ. ಬಲ ದಪ್ಪದ ವರ್ಗದ ಲೆಕ್ಕದಲ್ಲಿ ಏರುತ್ತದೆ. 0.20ರಿಂದ 0.28ಕ್ಕೆ ಹೋದರೆ ದಾರದ ಬಲ ಹೆಚ್ಚುಕಡಿಮೆ ಎರಡರಷ್ಟು. ಹೊಳೆಯ ತಳ್ಳಾಟ ಏರುವುದು ಒಂದೂವರೆ ಪಾಲಿಗಿಂತ ಕಡಿಮೆ.

ಅಗ್ಗದ ದಾರಗಳಲ್ಲಿ 0.20 ಅಂತ ಬರೆದು ಒಳಗೆ 0.26 ತುಂಬಿರುವುದು ಇದೆ. ದಪ್ಪ ಮಾಡಿದರೆ ಬಲ ತಾನಾಗಿ ಬರುತ್ತದಲ್ಲ, "ಎಷ್ಟು ಸಣ್ಣ, ಎಷ್ಟು ಗಟ್ಟಿ!" ಅಂತ ನಾವು ಮರುಳಾಗುತ್ತೇವೆ. ಪರೀಕ್ಷಿಸಲು ಉಪಕರಣ ಬೇಕಿಲ್ಲ. ಪೆನ್ಸಿಲ್ ಮೇಲೆ ಒತ್ತೊತ್ತಾಗಿ 20 ಸುತ್ತು ಸುತ್ತಿ, ಸುತ್ತುಗಳ ಮೇಲೆ ಸ್ಕೇಲ್ ಇಡಿ. 4 ಮಿ.ಮೀ. ಬಂದರೆ 0.20. 5 ಬಂದರೆ 0.25. ಸುತ್ತುಗಳ ನಡುವೆ ಸಂದಿ ಬಿಡಬಾರದು, ಒಂದರ ಮೇಲೊಂದು ಏರಲೂಬಾರದು. ಮಕ್ಕಳ ಕೈಯಲ್ಲಿ ಮಾಡಿಸಿದರೆ ಇನ್ನೂ ಚೆನ್ನಾಗಿ ಬರುತ್ತದೆ.

ಬಲ ನೋಡಲು ನಾನು ಲಗೇಜ್ ತೂಗುವ ಕೈತಕ್ಕಡಿ ಇಟ್ಟುಕೊಂಡಿದ್ದೇನೆ. ದಾರವನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಗಾಳಕ್ಕೆ ಕಟ್ಟುವ ಗಂಟನ್ನೇ ಕಟ್ಟಿ, ತಕ್ಕಡಿಗೆ ಸಿಕ್ಕಿಸಿ ಎಳೆಯುವುದು. ನೆನೆದ ನೈಲಾನ್ ಹತ್ತರಲ್ಲಿ ಒಂದು ಪಾಲು, ಕೆಲವೊಮ್ಮೆ ಇನ್ನೂ ಜಾಸ್ತಿ ಬಲ ಕಳೆದುಕೊಳ್ಳುತ್ತದೆ. ಗಂಟು ಇನ್ನಷ್ಟು ಕಳೆಯುತ್ತದೆ. ನಾನು ಎಳೆದು ನೋಡಿದ ದಾರಗಳಲ್ಲಿ ಕಿತ್ತದ್ದು ಯಾವಾಗಲೂ ಗಂಟಿನ ಬುಡದಲ್ಲೇ, ನಡುವೆ ಅಲ್ಲ. ಎಳೆಯುವಾಗ ಕನ್ನಡಕ ಹಾಕಿಕೊಳ್ಳಿ. ಕಿತ್ತ ದಾರ ಚಾಟಿಯ ಹಾಗೆ ಬರುತ್ತದೆ.

ಇನ್ನು "ಎಷ್ಟು ಕೆ.ಜಿ. ಮೀನಿಗೆ" ಅನ್ನುವ ಅಂಗಡಿಯವರ ಪ್ರಶ್ನೆ. ನೀರಲ್ಲಿರುವ ಮೀನಿಗೆ ಹೆಚ್ಚುಕಡಿಮೆ ತೂಕವೇ ಇಲ್ಲ, ಅದು ಎಳೆಯುವ ಬಲ ಅಷ್ಟೆ. ರೀಲಿನ ಡ್ರ್ಯಾಗನ್ನು (ಮೀನು ಜೋರಾಗಿ ಎಳೆದರೆ ದಾರ ಬಿಟ್ಟುಕೊಡುವ ಬಿರಿ) ದಾರದ ಬಲದ ಕಾಲು ಭಾಗಕ್ಕೋ ಮೂರನೇ ಒಂದಕ್ಕೋ ಬಿಗಿ ಮಾಡಿಟ್ಟರೆ 3 ಕೆ.ಜಿ. ದಾರದಲ್ಲಿ 3 ಕೆ.ಜಿ.ಗಿಂತ ದೊಡ್ಡ ಮೀನನ್ನೂ ದಂಡೆಗೆ ತರಬಹುದು. ದಂಡೆಗೆ ತಂದ ಮೇಲೆ ದಾರ ಹಿಡಿದು ಎತ್ತಬೇಡಿ, ಅಲ್ಲಿ ತೂಕ ಬರುತ್ತದೆ. ಕೈಬಲೆ ಹಾಕಿ.

ಬಿದಿರು ಕೋಲಿನವರಿಗೆ

ರೀಲಿಲ್ಲದ ಕೋಲಿಗೆ ಈ ಲೆಕ್ಕವೆಲ್ಲ ಬೇಡ. ದಾರ ಕೋಲಿನಷ್ಟೇ ಉದ್ದ, ಹೆಚ್ಚೆಂದರೆ ಒಂದು ಮೊಳ ಜಾಸ್ತಿ. ನೀರಿಗೆ ತಾಗುವುದೇ ಇಲ್ಲ. ಮೀನು ಓಡಿದರೆ ಬಿಡಲು ದಾರ ಇರುವುದಿಲ್ಲ, ಹಾಗಾಗಿ 0.28 ಅಥವಾ 0.30 ನೈಲಾನ್ ಕಟ್ಟಿ. ಹಿಗ್ಗುವ ದಾರವೇ ಇಲ್ಲಿ ನಿಮ್ಮ ಡ್ರ್ಯಾಗ್. ಬ್ರೇಡ್ ಕಟ್ಟಿದರೆ ಗಾಳ ನೆಟ್ಟಗಾಗುತ್ತದೆ ಇಲ್ಲವೇ ಕೋಲಿನ ತುದಿ ಮುರಿಯುತ್ತದೆ.

ನರಸೀಪುರದ ಯಜಮಾನರ ಹಾಗೆ ದಂಡೆಯ ಹತ್ತಿರವೇ ಮೀನು ಇರುವ ಜಾಗ ಗೊತ್ತಿದ್ದರೆ, ಈ ಲೇಖನದ ಅರ್ಧ ನಿಮಗೆ ಬೇಕಾಗಿಲ್ಲ.

ಬಣ್ಣ

ಹೊಳೆಯಲ್ಲಿ ದಾರ ಎಲ್ಲಿ ಬಗ್ಗಿದೆ ಅಂತ ನಮಗೆ ಕಾಣಬೇಕು. ಬೆಂಡಿನ ಮೇಲಿನ ದಾರ ಹಳದಿ ಇದ್ದರೂ ಪರವಾಗಿಲ್ಲ, ನಾನು ಅದನ್ನೇ ಬಯಸುತ್ತೇನೆ. ಮೀನು ನೋಡುವುದು ಬೆಂಡಿನ ಕೆಳಗಿನ ದಾರವನ್ನು, ಅದು ಬಣ್ಣವಿಲ್ಲದ್ದಿರಲಿ. ಕೆಂಪು ದಾರ ನೀರಲ್ಲಿ ಮಾಯವಾಗುತ್ತದೆ ಅನ್ನುವುದು ಆಳವಾದ ನೀರಿನ ಮಾತು, ಕೆಂಪು ಬೆಳಕನ್ನು ನೀರು ಬೇಗ ಹೀರಿಕೊಳ್ಳುತ್ತದೆ ಅಂತ. ನಾವು ಬೆಂಡು ಬಿಡುವ ನಾಲ್ಕೈದು ಅಡಿ ನೀರಲ್ಲಿ ಕೆಂಪು ಕೆಂಪಾಗಿಯೇ ಕಾಣುತ್ತದೆ.

ಹಾಗಾದರೆ ಯಾವುದು ಕಟ್ಟಲಿ?

ಒಂದೇ ರೀಲು, ಒಂದೇ ದಾರ ಅಂದರೆ 0.22 ಮಿ.ಮೀ. ನೈಲಾನ್, ಹಳದಿ ಅಥವಾ ತಿಳಿ ಹಸಿರು, ತುದಿಗೆ 0.18ರ ಬಣ್ಣವಿಲ್ಲದ ದಾರ ಒಂದೂವರೆ ಗೇಣು. ಅರ್ಧ ಕೆ.ಜಿ.ಯಿಂದ ಎರಡು ಕೆ.ಜಿ.ವರೆಗಿನ ಗೆಂಡೆ, ರೋಹು, ಜಿಲೇಬಿ ಮೀನಿಗೆ (ತಿಲಾಪಿಯಾ) ಇದು ಸಾಕು. ತುದಿಯ ದಾರ ಯಾವಾಗಲೂ ಮೇಲಿನದಕ್ಕಿಂತ ಸಣ್ಣದಿರಬೇಕು. ಬಂಡೆಗೆ ಸಿಕ್ಕಿಕೊಂಡರೆ ಕೆಳಗೆ ಕಿತ್ತು ಬರೀ ಗಾಳ ಹೋಗುತ್ತದೆ, ಬೆಂಡು ಸೀಸ ಎಲ್ಲ ವಾಪಸ್ ಬರುತ್ತವೆ. ಬೆಂಡು ಕಟ್ಟಿಕೊಂಡ ಮೀನು ಹೊಳೆಯಲ್ಲಿ ತಿರುಗುವುದೂ ತಪ್ಪುತ್ತದೆ.

ಬೇಸಿಗೆಯ ತಿಳಿ ನೀರಲ್ಲಿ, ಪಕ್ಕೆಯಂಥ ಚಿಕ್ಕ ಮೀನಿಗೆ, ಮೇಲೆ 0.18 ಕೆಳಗೆ 0.14. ಈ ಅಳತೆಯಲ್ಲಿ ಬೆಂಡು ಎಷ್ಟು ನೆಟ್ಟಗೆ ಹೋಗುತ್ತದೆ ಅಂದರೆ ಒಮ್ಮೆ ನೋಡಿದವರು ದಪ್ಪ ದಾರಕ್ಕೆ ವಾಪಸ್ ಹೋಗುವುದಿಲ್ಲ. ಮಳೆ ನಿಂತ ಮೇಲೆ ನೀರು ಇನ್ನೂ ಕದಡಿದ್ದು, ಕಸಕಡ್ಡಿ ತೇಲುತ್ತಿದ್ದು, ದೊಡ್ಡ ಕಾಟ್ಲಾ ರೋಹು ಓಡಾಡುವ ಮಡುವಿನಲ್ಲಿ ಮೇಲೆ 0.28 ಕೆಳಗೆ 0.25. ಆಗ ಬೆಂಡನ್ನೂ ದಪ್ಪದ್ದು ಮಾಡಿ, ಸೀಸ ಜಾಸ್ತಿ ಹಾಕಿ. ದಪ್ಪ ದಾರಕ್ಕೆ ಹಗುರ ಬೆಂಡು ಕಟ್ಟಿದರೆ ಮತ್ತೆ ದಾರವೇ ಯಜಮಾನ. ಬೇರು, ಮುಳುಗಿದ ಮರ ಇರುವ ಕಡೆ ಸಣ್ಣ ದಾರದ ಆಸೆ ಬಿಟ್ಟುಬಿಡಿ. ಕಿತ್ತ ದಾರ ಬಾಯಲ್ಲಿಟ್ಟುಕೊಂಡು ಮೀನು ಸಾಯುವುದು ಯಾರಿಗೂ ಲಾಭವಲ್ಲ.

ಗಂಟು ಹೇಳದೆ ದಾರ ಹೇಳಿದರೆ ಪ್ರಯೋಜನವಿಲ್ಲ. ನೈಲಾನಿಗೆ ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸಿ, ತನ್ನದೇ ಮೇಲೆ ಐದಾರು ಸುತ್ತು ಸುತ್ತಿ, ತುದಿಯನ್ನು ಕಣ್ಣಿನ ಹತ್ತಿರದ ಕುಣಿಕೆಯಲ್ಲಿ ತೂರಿಸಿ, ಮತ್ತೆ ದೊಡ್ಡ ಕುಣಿಕೆಯಲ್ಲಿ ತೂರಿಸಿ ಎಳೆಯುವುದು. ಎಳೆಯುವ ಮೊದಲು ಎಂಜಲು ಹಚ್ಚಿ. ಒಣಗಂಟು ಬಿಗಿಯುವಾಗ ಉಜ್ಜಾಟದ ಬಿಸಿಗೆ ದಾರ ಸುಡುತ್ತದೆ, ಗಂಟಿನ ಹತ್ತಿರ ಸುರುಳಿ ಸುರುಳಿಯಾಗಿ ಕಂಡರೆ ಅದು ಸುಟ್ಟ ಗುರುತು, ಕತ್ತರಿಸಿ ಮತ್ತೆ ಕಟ್ಟಿ. ಬ್ರೇಡಿಗೆ ದಾರವನ್ನು ಜೋಡಿ ಮಾಡಿ ಕಟ್ಟುವ ಪಾಲೊಮಾರ್ ಗಂಟು ಕಲಿಯಿರಿ, ಬೇರೆ ಯಾವುದೂ ಬೇಡ.

ಹೊಳೆಗೆ ಇಳಿಯುವ ಮುಂಚೆ

ಎಲ್ಲ ನೀರೂ ಗಾಳದ ನೀರಲ್ಲ. ಕಾವೇರಿ ವನ್ಯಧಾಮ, ರಂಗನತಿಟ್ಟು ಇಂಥ ಕಡೆ ಗಾಳ ತೆಗೆಯಲೇಬೇಡಿ. ಶೃಂಗೇರಿಯ ಮಠದ ಮುಂದಿನ ತುಂಗೆ, ತೀರ್ಥಹಳ್ಳಿ ಹತ್ತಿರದ ಚಿಪ್ಪಲಗುಡ್ಡೆ, ಶಿಶಿಲದಂಥ ಮತ್ಸ್ಯಧಾಮಗಳಲ್ಲಿ ಮೀನು ದೇವರ ಮೀನು. ತುಂಗಭದ್ರೆಯಲ್ಲಿ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ನೀರುನಾಯಿಗಳಿಗೆ ಮೀಸಲಾದ ಪ್ರದೇಶ. ಉಳಿದ ಕಡೆಯೂ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಒಮ್ಮೆ ಕೇಳಿಕೊಂಡು ಹೋಗಿ. ಕಾವೇರಿಯ ದೊಡ್ಡ ಮಹಶೀರ್ 2018ರಿಂದ ತೀರಾ ಅಪಾಯದಲ್ಲಿರುವ ಮೀನುಗಳ ಪಟ್ಟಿಯಲ್ಲಿದೆ. ಅಪ್ಪಿತಪ್ಪಿ ಗಾಳಕ್ಕೆ ಬಂದರೆ ನೀರಲ್ಲೇ ಇಟ್ಟು ಗಾಳ ಬಿಡಿಸಿ, ಒದ್ದೆ ಕೈಯಲ್ಲಿ ಹಿಡಿದು ಬಿಟ್ಟುಬಿಡಿ.

ಸಿಕ್ಕಾದ ದಾರವನ್ನು ದಂಡೆಯಲ್ಲಿ ಎಸೆಯಬೇಡಿ. ನೈಲಾನ್ ಮಣ್ಣಲ್ಲಿ ಕರಗುವ ವಸ್ತುವಲ್ಲ, ನೀರುಕಾಗೆ, ಬೆಳ್ಳಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ನಾನು ಒಂದು ಹಳೇ ನೀರಿನ ಬಾಟಲಿ ಇಟ್ಟುಕೊಂಡಿದ್ದೇನೆ. ದಾರದ ತುಂಡುಗಳೆಲ್ಲ ಅದರೊಳಗೆ, ನನ್ನವೂ, ದಂಡೆಯಲ್ಲಿ ಸಿಕ್ಕ ಬೇರೆಯವರವೂ. ಮನೆಗೆ ಬಂದು ಕತ್ತರಿಯಲ್ಲಿ ಬೆರಳುದ್ದ ಕತ್ತರಿಸಿ ಕಸಕ್ಕೆ ಹಾಕುತ್ತೇನೆ. ಹೋದ ವಾರ ಆ ಬಾಟಲಿಯಲ್ಲಿ ಒಂದು ಮಾರು ಬ್ರೇಡ್ ಸಿಕ್ಕಿತು, ಬಂಡೆಗೆ ಉಜ್ಜಿ ತುದಿ ಹತ್ತಿಯ ಹಾಗೆ ಕೆದರಿತ್ತು.